ಅಳಿಯನ ಹೊಟ್ಟೆ, ಮಗಳ ಹೊಟ್ಟೆ

ಅವ್ವಾ,

ಫೋನಿನಲ್ಲಿ ನನ್ನ ಮಾತನ್ನು ನೀನು ಮುಗಿಸಗೊಡುವುದಿಲ್ಲ, ಅದಕ್ಕೇ ಈ ಕಾರ್ಡು. ನಮ್ಮೂರು ಗುರುಗುಂಟಾದ ಅಂಚೆಯವರು ಓದಿದರೆ ಓದಲಿ.

ಈ ದಢೇಸುಗೂರಿನಲ್ಲಿ ಎತ್ತ ನೋಡಿದರೂ ನೆಲ್ಲು, ಮನೆಯಲ್ಲಿ ಮೂರು ಹೊತ್ತೂ ಅನ್ನ. ಮದುವೆಯಲ್ಲಿ ನೀನು ಕೊಟ್ಟ ರೊಟ್ಟಿ ಹಂಚನ್ನು ಅತ್ತೆ ಕೋಳಿಬುಟ್ಟಿಯ ಮೇಲೆ ಮುಚ್ಚಿದ್ದಾರೆ. ನನಗೆ ಬಂದಾಗಿನಿಂದ ಹೊಟ್ಟೆಯುಬ್ಬರ. ಸಿಂಧನೂರಿನ ಆಯುರ್ವೇದ ಡಾಕ್ಟರು, "ಸಣ್ಣಾಕಿದ್ದಾಗಿಂದ ಉಂಡದ್ದು ಮೈಗೆ ಸಾತ್ಮ್ಯ ಆಗಿರತೈತವ್ವ, ಅಂದ್ರ ಒಗ್ಗಿರತೈತಿ. ಅದನ್ನ ಒಮ್ಮಿಗೇ ಬಿಡಬಾರದು, ರೊಟ್ಟಿನೂ ತಿನ್ನು" ಅಂದರು. ಅದನ್ನು ಹೇಳಿದ್ದಕ್ಕೆ ನೀನು, "ಹೆಣ್ಣಿನ ಮೈ ಎಲ್ಲಾದಕ್ಕೂ ಒಗ್ಗತೈತಿ, ಸುಮ್ನಿರು" ಅಂದೆ!

ಪಂಚಮಿಗೆ ನಮ್ಮೂರಿಗೆ ಬಂದಾಗ ನಿನ್ನ ಅಳಿಯ ಅರ್ಧ ರೊಟ್ಟಿಗೇ ಹೊಟ್ಟೆ ಹಿಡಿದುಕೊಂಡು ಕೂತರು. ಆಗ "ಪಾಪ, ಅವರಿಗೆ ಜ್ವಾಳ ಒಗ್ಗಂಗಿಲ್ಲ" ಎಂದು ಅಪ್ಪನನ್ನು ಲಿಂಗಸುಗೂರಿಗೆ ಓಡಿಸಿ ಸೋನಾ ಮಸೂರಿ ತರಿಸಿದವಳು ಯಾರು? ಅವರದು ಹೊಟ್ಟೆ, ನನ್ನದೇನು ಗೋಣಿಚೀಲವೇ?

ಸೋಮವಾರ ಅಪ್ಪ ಬರುವಾಗ ಬಿಳಿಜೋಳ ಕಳಿಸು. ಚೀಲದ ಮೇಲೆ ದೊಡ್ಡದಾಗಿ ನನ್ನ ಹೆಸರನ್ನೇ ಬರೆಸು.

ಹಂಚನ್ನು ಈಗಷ್ಟೇ ಎತ್ತಿ ತಂದು ತೊಳೆದಿಟ್ಟಿದ್ದೇನೆ. ಕೋಳಿಗಳು ಓಣಿ ತುಂಬ ಓಡುತ್ತಿವೆ, ಅತ್ತೆ ಕೂಗುತ್ತಿದ್ದಾರೆ. ಕೂಗಲಿ.

ನಿನ್ನ ಮಗಳು,
ಅಮರೇಶ್ವರಿ