ಮ್ಯೂರಿಯಲ್ ಅತ್ತಿಗೆ ಎದ್ದು ನಿಂತಳು

ಮ್ಯಾನಿಟೂಲಿನ್ ದ್ವೀಪ, ಕೆನಡಾ
೬ ಅಕ್ಟೋಬರ್ ೧೯೮೫

ಮುದ್ದು ಲೆನೋರ್‌ಗೆ, ಅಮ್ಮನ ತುಂಬು ಪ್ರೀತಿ.

ಈ ಪತ್ರ ಸಡ್ಬರಿಯ ಮನೆಯಿಂದಲ್ಲ, ನಾನು ಹುಟ್ಟಿದೂರಿನಿಂದ ಬರುತ್ತಿದೆ. ಮ್ಯೂರಿಯಲ್ ಅತ್ತಿಗೆಯ ಅಡುಗೆಮನೆಯಲ್ಲಿ ಕೂತಿದ್ದೇನೆ. ಪಕ್ಕದಲ್ಲೇ ಅವಳು ಮೀನು ಕರಿಯುತ್ತಿದ್ದಾಳೆ. ಕಾಗದದ ಮೇಲೆ ಎಣ್ಣೆಯ ಕಲೆ ಕಂಡರೆ ಅವಳನ್ನೇ ಬೈದುಕೋ.

ಹಳೆಯ ಕಥೆ ನಿನಗೆ ಗೊತ್ತೇ ಇದೆ. ನಿಮ್ಮಪ್ಪನನ್ನು ಮದುವೆಯಾದದ್ದೇ ತಡ, ಸರ್ಕಾರ ಆದಿವಾಸಿಗಳ ಪಟ್ಟಿಯಿಂದ ನನ್ನ ಹೆಸರನ್ನು ಅಳಿಸಿಹಾಕಿತು. ಬಿಳಿಯನ ಕೈಹಿಡಿದ ಹೆಣ್ಣು ಇನ್ನು ಆದಿವಾಸಿಯಲ್ಲ, ಅವಳಿಗೆ ಊರಿನಲ್ಲಿ ಮನೆಯೂ ಇಲ್ಲ ಎಂದಿತು, ಬಿಳಿಯರು ನಮಗಾಗಿ ಬರೆದ ಕಾನೂನು. ಅದೇ ವರ್ಷ ಇಸಡೋರ್ ಅಣ್ಣ ಟೊರಾಂಟೊದಿಂದ ಕೆಂಪುಗೂದಲಿನ ಮ್ಯೂರಿಯಲ್‌ಳನ್ನು ಮದುವೆಯಾಗಿ ಕರೆತಂದ. ಅದೇ ಕಾನೂನು ಅವಳನ್ನು ಆದಿವಾಸಿ ಮಾಡಿತು! "ಮಗಳನ್ನ ಕಿತ್ಕೊಂಡು ಸೊಸೇನ ಕೊಟ್ರು, ಲೆಕ್ಕ ಸರಿಹೋಯ್ತು" ಎಂದು ನಿನ್ನಜ್ಜಿ ನಗುತ್ತಿದ್ದಳು. ಆಮೇಲೆ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳು ತೀರಿಕೊಂಡಾಗ ಸರೋವರದ ದಂಡೆಯ ಅವಳ ಮನೆ ನನಗೆ ದಕ್ಕಲಿಲ್ಲ. ಬೀಗ ಬಿದ್ದು, ಛಾವಣಿ ಕುಸಿದು, ಮಣ್ಣಾಯಿತು.

ಈ ಬೇಸಿಗೆಯಲ್ಲಿ ಕಾನೂನು ಬದಲಾಗಿ ಹೆಸರೇನೋ ವಾಪಸ್ಸು ಬಂತು. ಆದರೆ ಮನೆಗೆ ಜಾಗ ಕೊಡಬೇಕಾದವರು ಊರಿನವರು. ಮೊನ್ನೆ ಸಭೆ ಸೇರಿತು. ಹೊರಗಿನವರಿಗೆ ಪ್ರವೇಶವಿಲ್ಲವೆಂದು ನಿಮ್ಮಪ್ಪ ವ್ಯಾನಿನಲ್ಲೇ ಕೂತ.

ಚಿಕ್ಕಂದಿನಲ್ಲಿ ನನ್ನ ಜೊತೆ ಆಡಿ ಬೆಳೆದ ಕ್ಲೆಮೆಂಟ್ ಎದ್ದ. "ಫಿಲೋ, ಇಲ್ಲಿರೋ ಮಕ್ಕಳಿಗೇ ಮನೆ ಇಲ್ಲ. ಪಟ್ಟಣದಲ್ಲಿ ಆರಾಮಾಗಿದ್ದವರು ಈಗ ಬಂದು ಕೇಳಿದ್ರೆ ಎಲ್ಲಿಂದ ತಂದು ಕೊಡೋಣ?" ಅಂದ. ಅವನ ಮೇಲೆ ನನಗೆ ಸಿಟ್ಟೂ ಬರಲಿಲ್ಲ, ಲೆನೋರ್. ಅವನ ಮಗಳು ಎರಡು ಕೂಸು ಕಟ್ಟಿಕೊಂಡು ಅಪ್ಪನ ನಡುಮನೆಯಲ್ಲೇ ಮಲಗುತ್ತಾಳೆ. ಇಡೀ ದ್ವೀಪವೇ ನಮ್ಮದಾಗಿತ್ತು. ಬಿಳಿಯರು ನಮಗೆ ಉಳಿಸಿದ ತುಂಡಿನಲ್ಲಿ ನಾವು ನಾವೇ ಕಿತ್ತಾಡುತ್ತಿದ್ದೆವು.

ಆಗ ಅತ್ತಿಗೆ ಎದ್ದಳು. ಮಾತಾಡಿದ್ದು ಇಂಗ್ಲಿಷಿನಲ್ಲಲ್ಲ, ನಮ್ಮ ಮಾತಿನಲ್ಲಿ. "ನಾನು ಬಂದಾಗ ಮೀನಿನ ಹೊಟ್ಟೆ ಸೀಳೋಕೂ ಬರ್ತಿರ್ಲಿಲ್ಲ. ನಂಗೆ ಮನೆ ಸಿಕ್ತು. ಇಲ್ಲೇ ಹುಟ್ಟಿದೋಳಿಗೆ ಇಲ್ಲ ಅಂದ್ರೆ, ನನ್ನ ಹೆಸರೂ ಹೊಡೆದುಹಾಕಿ!"

ಅವಳ ಉಚ್ಚಾರಣೆಗೆ ಹಿಂದಿನ ಸಾಲಿನ ಮುದುಕಿಯರು ಕಿಸಕ್ಕನೆ ನಕ್ಕರು. ಕ್ಲೆಮೆಂಟನಿಗೂ ನಗು ತಡೆಯಲಾಗಲಿಲ್ಲ. "ಕೂತ್ಕೊಳ್ಳಮ್ಮ, ನೀನು ಹೋದ್ರೆ ಇಸಡೋರ್‌ಗೆ ಬೇಯಿಸಿ ಹಾಕೋರ್ಯಾರು?"

ಅತ್ತಿಗೆ ಕೂರಲಿಲ್ಲ. "ನಮ್ಮ ಹಿತ್ತಲಲ್ಲೇ ಅರ್ಧ ಬಿಟ್ಟುಕೊಡ್ತೀವಿ. ಕಟ್ಟೋ ಖರ್ಚು ಅವರದ್ದೇ. ಮನೆಗೆ ಕಾಯ್ತಿರೋ ಯಾರ ಸರದೀನೂ ಹಿಂದೆ ಹೋಗಲ್ಲ," ಅಂದಳು. ಅಣ್ಣ ತಲೆಯಾಡಿಸಿದ. ಒಂದೊಂದಾಗಿ ಕೈಗಳು ಮೇಲೆದ್ದವು. ಕ್ಲೆಮೆಂಟನದು ತಡವಾಗಿ ಎದ್ದಿತು, ಆದರೆ ಎದ್ದಿತು.

ಹೊರಗೆ ಬಂದು ನಿಮ್ಮಪ್ಪನಿಗೆ, "ಇನ್ಮೇಲೆ ನೀನು ನಮ್ಮೂರಿನ ನೆಂಟ, ನೆಟ್ಟಗಿರಬೇಕು" ಎಂದೆ. ಈಗ ಭಾವಮೈದುನರಿಬ್ಬರೂ ಅಡಿಪಾಯದ ಅಳತೆ ಹಾಕುತ್ತ ಜಗಳವಾಡುತ್ತಿದ್ದಾರೆ. ಮೊದಲು ತನ್ನ ಫಿನ್‌ಲ್ಯಾಂಡಿನವರ ಬಿಸಿಹಬೆಯ ಸ್ನಾನದ ಕೋಣೆ, ಮನೆ ಆಮೇಲೆ ಎಂಬುದು ನಿಮ್ಮಪ್ಪನ ಹಟ.

ಸರಿಯಾಗಿ ಊಟ ಮಾಡು. ಭಾರ ಎತ್ತಬೇಡ.

ನಿನ್ನ ಅಮ್ಮ,
ಫಿಲೋಮಿನಾ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನನ್ನ ಹೆಸರಿನ ಹಿಂದೆಯೇ ನಿನ್ನ ಹೆಸರೂ ಸೇರುತ್ತದೆ. ನಿನ್ನ ಹೊಟ್ಟೆಯಲ್ಲಿರುವ ಕೂಸಿನದು ಸೇರುವುದಿಲ್ಲವಂತೆ. ನಿಮ್ಮಪ್ಪನಂತೆ ಕೂಸಿನ ತಂದೆಯೂ ನಮ್ಮವನಲ್ಲವಾದ್ದರಿಂದ ಈ ಹಕ್ಕು ನಿನ್ನಲ್ಲಿಗೇ ನಿಲ್ಲುತ್ತದಂತೆ. ಅದಕ್ಕಾಗಿ ಗಾರ್ತ್‌ನ ಮೇಲೆ ಮುನಿಯಬೇಡ, ನಾನು ನಿಮ್ಮಪ್ಪನ ಮೇಲೆ ಮುನಿದವಳಲ್ಲ. ಕೂಸನ್ನು ಇಲ್ಲಿಗೇ ಕರೆದುಕೊಂಡು ಬಾ. ಸುದ್ದಿ ಕೇಳಿದ ಕ್ಲೆಮೆಂಟ್ ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ತೊಟ್ಟಿಲ ಹಲಗೆ ಕೆತ್ತಲು ಕೂತಿದ್ದಾನೆ. "ಸರ್ಕಾರ ಬರ್ಕೊಳ್ಳದಿದ್ರೆ ಏನಂತೆ? ಹೆಸರು ಹಿಡಿದು ಕರೆಯೋರು ನಾವು" ಅಂದ.