ಪಂಪ್‌ಹೌಸಿನ ಬೀಗ

ನೀಲಕಂಠಣ್ಣಾ,

ಫೋನ್ ಆಫ್ ಮಾಡಿಕೊಂಡು ಹೊಂಗನೂರಿನ ಅತ್ತೆ ಮನೆಯಲ್ಲಿ ಕೂತಿದ್ದೀಯಂತೆ. ಬಸ್ ಕಂಡಕ್ಟರ್ ಪೀರ್ ಸಾಬ್ ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಸಂಜೆ ಬಸ್ಸು ಹೊರಡುವುದರೊಳಗೆ ಬರೆದು ಮುಗಿಸಬೇಕು, ಅದಕ್ಕೇ ಕುಶಲ ಕೇಳುತ್ತಿಲ್ಲ.

ಅಮ್ಮನ ದುಡ್ಡಿನ ಸಂಕಟ ನಿನಗೊಬ್ಬನಿಗೇ ಅಲ್ಲ. ಅಪ್ಪನ ರೇಷ್ಮೆ ರೀಲಿಂಗ್ ಶೆಡ್ ಮಾರಿ ಬಂದದ್ದನ್ನೆಲ್ಲ ಅವಳು ಬೆಟ್ಟದಡಿ ನೀರು ಪ್ರಾಧಿಕಾರದ ಬಾಂಡಿಗೆ ಹಾಕಿದಳು. "ನೀರಿಗೆ ಕೊಟ್ಟಿದ್ದು ಎಲ್ಲೋಯ್ತದೆ ಬುಡು" ಅಂದಿದ್ದಳು. ಈಗ ಬಡ್ಡಿಯೂ ಇಲ್ಲ, ಅವಧಿ ಮುಗಿದರೂ ಅಸಲೂ ಇಲ್ಲ. ನೀನು ಕುದಿದೆ. ಕುದಿದು ಮಾಡಿದ್ದೇನು? ರೇಷ್ಮೆಗೂಡಿನ ದುಡ್ಡು ಕೊಡದ ರೀಲರ್‌ನ ಶೆಡ್ಡಿಗೆ ಬೀಗ ಜಡಿಯುತ್ತಾರಲ್ಲ, ಹಾಗೆ ಮೊನ್ನೆ ಅಪ್ಪನ ಶೆಡ್ಡಿನ ಹಳೇ ಹಿತ್ತಾಳೆ ಬೀಗ ಒಯ್ದು ಪಂಪ್‌ಹೌಸಿಗೆ ಜಡಿದು ಬಂದೆ. "ಸಾಲ ಕೊಟ್ಟೋರು ನಾವು, ಹಕ್ಕೈತೆ ಕಣಮ್ಮಿ" ಎಂದು ಮೀಸೆ ಬೇರೆ ತಿರುವಿದೆ.

ಹಕ್ಕಿಲ್ಲ ಅಣ್ಣ. ಪಂಪು, ಪೈಪು, ಟ್ಯಾಂಕು ಊರಿನ ಆಸ್ತಿ, ಬಾಂಡಿನವರು ಮುಟ್ಟುವಂತಿಲ್ಲ. ನಮಗೆ ಬರೆದುಕೊಟ್ಟಿರುವುದು ನೀರಿನ ಬಿಲ್ಲಿನ ವಸೂಲಿ. ಅದು ಮೊದಲು ಬೇರೊಂದು ಖಾತೆಗೆ ಬಿದ್ದು, ಅಲ್ಲಿಂದ ನಮಗೆ ಬರಬೇಕಿತ್ತು. ಪ್ರಾಧಿಕಾರದವರು ಅದನ್ನು ತಮ್ಮ ಖರ್ಚಿಗೆ ಬಳಸಿಕೊಂಡರು. ಆ ವಸೂಲಿಯನ್ನು ಆ ಖಾತೆಗೇ ಕಟ್ಟಿಸಿ, ಕಟ್ಟದಿದ್ದರೆ ವಸೂಲಿಗೆ ಕೋರ್ಟೇ ಒಬ್ಬರನ್ನು ನೇಮಿಸಲಿ ಎಂದು ಬಾಂಡಿನವರೆಲ್ಲ ಸೇರಿ ಹೈಕೋರ್ಟಿನಲ್ಲಿ ಕೇಳಿದ್ದೇವೆ. ನಿನ್ನ ಬೀಗದ ಸುದ್ದಿ ಕೇಳಿ ವಕೀಲೆ ಶಬ್ನಮ್ ತಲೆ ಚಚ್ಚಿಕೊಂಡರು. "ನೀರು ನಿಂತ್ರೆ ಬಿಲ್ಲೂ ನಿಂತದೆ. ನಿಮ್ಮಣ್ಣ ನಿಮ್ ಗಲ್ಲಾಪೆಟ್ಟಿಗೆಗೇ ಬೀಗ ಹಾಕವ್ರಲ್ಲಮ್ಮ!"

ಪ್ರಾಧಿಕಾರದವರು ಬೀಗ ಒಡೆಯಲಿಲ್ಲ, ಗೊತ್ತಾ? ಒಂದು ಸುತ್ತಿಗೆ ಸಾಕಿತ್ತು. ಖುಷಿಯಿಂದ ಫೋಟೊ ತೆಗೆದುಕೊಂಡು ಹೋದರು. ನಾಳೆ ಕೇಸು ಬರುತ್ತದೆ, ಬಾಂಡಿನವರೇ ಊರಿಗೆ ನೀರು ನಿಲ್ಲಿಸಿದ್ದಾರೆ ಎಂದು ತೋರಿಸಲು ಅವರಿಗೆ ಅದಕ್ಕಿಂತ ಇನ್ನೇನು ಬೇಕು.

ಇವತ್ತು ಮಧ್ಯಾಹ್ನ ಟ್ಯಾಂಕರ್ ಮುಂದೆ ಪಕ್ಕದ ಮನೆಯ ಫಿರೋಜಾ, ಬಾಣಂತಿ ಮಗಳಿಗೆ ಒಂದು ಕೊಡ ನೀರು ಕೊಡಿ ಎಂದು ಅಳುತ್ತಿದ್ದರು. ಅವರೂ ಬಾಂಡಿನವರೇ. ಅಮ್ಮ ನೋಡಿದಳು. ಮನೆಗೆ ಬಂದು ದೇವರ ಗೂಡಿಗೆ ಕೈ ಹಾಕಿದಳು. ಅಪ್ಪ ಶೆಡ್ಡಿನ ಇನ್ನೊಂದು ಕೀಯನ್ನು ಯಾವಾಗಲೂ ಅವಳ ಹತ್ತಿರ ಇಡುತ್ತಿದ್ದುದು ನಿನಗೆ ಮರೆತೇಹೋಗಿತ್ತಲ್ಲ? ಸೀದಾ ಹೋಗಿ ಬೀಗ ತೆಗೆದಳು. ಪಂಪು ಚಾಲೂ ಆಗಿ ನೀರು ಬಂತು. ಪ್ರಾಧಿಕಾರದ ಇಂಜಿನಿಯರ್ ಓಡಿಬಂದು, ಬೀಗ ಹಾಕಿದ್ದು ಯಾರಮ್ಮ ಎಂದ.

"ಕೀ ನನ್ ಕೈಲೈತೆ, ಕಾಣಕಿಲ್ವಾ? ನಾನೇ ಹಾಕ್ದೋಳು."

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಅದುಮಿದಳು. ಅವನು ಬರೆದುಕೊಂಡು ಸಹಿ ಹಾಕಿಸಿಕೊಂಡ. ನಾಳೆ ಜಡ್ಜ್ ಮುಂದೆಯೂ ಅದನ್ನೇ ಹೇಳುತ್ತಾಳಂತೆ. ಅದು ಸುಳ್ಳೆಂದು ತಿಳಿದರೆ ಎಲ್ಲರ ಕೇಸೂ ಮುಳುಗುತ್ತದೆ, ಹಾಕಿದವರೇ ಬಂದು ತಪ್ಪಾಯಿತು ಅಂದರೆ ಉಳಿಯಬಹುದು ಎನ್ನುತ್ತಾರೆ ಶಬ್ನಮ್. ಅಮ್ಮನಿಗೆ ಕೇಸಿನ ಚಿಂತೆಯೇ ಇಲ್ಲ. ಅಪ್ಪ ತೆಗೆದ ನೂಲಿನ ಸೀರೆಯನ್ನು ಗಾಳಿಗೆ ಹಾಕಿದ್ದಾಳೆ, ಕೋರ್ಟಿಗೆ ಉಡಲು. "ಅವ್ನಿಗೇಳ್ಬ್ಯಾಡ, ಒಸಿ ನೆಮ್ದಿಯಾಗಿರ್ಲಿ" ಅಂದಳು. ನನಗೆ ಸಿಟ್ಟು ಬಂತು ಅಣ್ಣ, ನಿನ್ನ ಮೇಲೂ ಅವಳ ಮೇಲೂ.

ಬೆಳಗಿನ ರೈಲಿಗೆ ರಾಮನಗರ ಸ್ಟೇಷನ್ನಿಗೆ ಬಾ. ನಿನ್ನ ಜೇಬಿನ ಕೀಯನ್ನೂ ತಾ. ನಿನಗೂ ಸೇರಿಸಿಯೇ ಟಿಕೆಟ್ ತೆಗೆಯುತ್ತೇನೆ. ಬೈಯುವುದನ್ನೆಲ್ಲ ವಾಪಸ್ ಬರುವಾಗ ಬೈಯುತ್ತೇನೆ. ಅಮ್ಮ ಜೀವನದಲ್ಲಿ ಮೊದಲ ಸಲ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಾಳೆ, ಸುಳ್ಳು ಹೇಳುವುದಕ್ಕೆ ಹತ್ತದಿರಲಿ.

ಅಪ್ಪನಿಗೆ ತನ್ನ ಹೆಸರು ಕೊಟ್ಟ ಆ ವೀರಭದ್ರಸ್ವಾಮಿ ನಿನ್ನನ್ನು ಬೆಳಗಾಗುವಷ್ಟರಲ್ಲಿ ಎಬ್ಬಿಸಲಿ.

ಪ್ಲಾಟ್‌ಫಾರ್ಮಿನಲ್ಲಿ ಕಾಯುವ ತಂಗಿ,
ಹೇಮಶ್ರೀ