ತಿಕ್ಕಿ ಬೆಳ್ಳಗಾದ ಕಾವಲಿ

ಅಮ್ಮಾ,

ಸೂತಕ ಕಳೆದ ಮೇಲೆ ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಬೇಕಲ್ಲ, ನಿನ್ನೆ ನಾನೇ ತಿಕ್ಕಿದೆ. ಕೊನೆಗೆ ನಿನ್ನ ಕಬ್ಬಿಣದ ಕಾವಲಿ ಉಳಿಯಿತು. ನೀನು ಅದನ್ನು ಒರಸಿಡುತ್ತಿದ್ದೆಯೇ ಹೊರತು ತೊಳೆಯಲು ಯಾರ ಕೈಗೂ ಕೊಟ್ಟವಳಲ್ಲ. ಕರಿ ಹಿಡಿದಿದೆ ಎಂದು ಹಂಗಿಸುತ್ತಿದ್ದವಳು ನಾನೇ. ನಿನ್ನದೆಂದೇ ಹೆಚ್ಚು ಮುತುವರ್ಜಿಯಿಂದ ಹುಣಸೆಹಣ್ಣು, ಬೂದಿ ಹಾಕಿ ಬೆಳ್ಳಗಾಗುವವರೆಗೂ ತಿಕ್ಕಿದೆ.

ಇವತ್ತು ಬೆಳಿಗ್ಗೆ ಅದರಲ್ಲಿ ದೋಸೆ ಹೊಯ್ದೆ. ನಿನ್ನಂತೆಯೇ ಬಾಳೆದಂಟಿನ ತುಂಡನ್ನು ಎಣ್ಣೆಗದ್ದಿ ಸವರಿದ್ದೆ. ಆದರೂ ಒಂದೂ ಏಳಲಿಲ್ಲ, ಎಲ್ಲ ಚೂರುಚೂರಾಗಿ ಬಂತು. ಕಲ್ಪೆಟ್ಟದ ಹೊಸ ಜಿಲ್ಲಾ ಕಚೇರಿಗೆ ಸೇರಿದಾಗ ಅಣ್ಣ ಕೋಳಿಕೋಡಿನಿಂದ ತಂದಿದ್ದ ನಾನ್‌ಸ್ಟಿಕ್ ತವಾವನ್ನು ಚಂಪಾವತಿ ಅತ್ತಿಗೆ ಒಲೆಗಿಟ್ಟರು.

“ಇದ್ರಲ್ಲಿ ಹೊಯ್ಯಿ. ಎಣ್ಣೇನೂ ಬೇಡ, ಅಂಟೋದೂ ಇಲ್ಲ.”

ಅಂಟಲಿಲ್ಲ. ಎಲ್ಲರೂ ತಿಂದರು. ಅಪ್ಪ ಮಾತ್ರ ಅರ್ಧ ತಿಂದು ತಟ್ಟೆ ಸರಿಸಿದರು.

“ಅವ್ಳ ಕಾವಲಿ ಎಲ್ಲಿ?”

“ತೊಳ್ದಿಟ್ಟಿದೀನಿ ಅಪ್ಪ,” ಅಂದೆ. ಅವರು ನನ್ನ ಮುಖ ನೋಡಿ ಎದ್ದು ಹೋದರು.

ಆಮೇಲೆ ಕಾವಲಿಗೆ ಮತ್ತೆ ಎಣ್ಣೆ ಸವರುತ್ತಾ, “ಇದು ಪಳಗೋಕೆ ಎಷ್ಟು ದಿನ ಬೇಕು ಅತ್ತಿಗೆ?” ಎಂದು ಕೇಳಿದೆ.

“ನಂಗೇನು ಗೊತ್ತು, ಅತ್ತೇನ ಕೇಳು,” ಎಂದವರು ಸೌಟು ಹಿಡಿದು ಹಾಗೇ ನಿಂತುಬಿಟ್ಟರು.